ಚಿಕ್ಕ ಊರಿನ ಕಾಲೇಜಿನಿಂದ ಮಾನಸಗಂಗೋತ್ರಿಗೆ: ಮೊದಲ ವರ್ಷಕ್ಕೆ ಏನು ತಯಾರಿ ಬೇಕು?

ಪ್ರಶ್ನೆ: ನಾನು ಹೂವಿನಹಡಗಲಿ ತಾಲ್ಲೂಕಿನವಳು. ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಮಾಧ್ಯಮದಲ್ಲಿ ಬಿಎ ಮುಗಿಸಿದ್ದೇನೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಕ್ಯಾಂಪಸ್ಸಿನಲ್ಲಿ ಎಂಎ ಇತಿಹಾಸಕ್ಕೆ ಸೀಟು ಸಿಕ್ಕಿದೆ. ಒಂದು ತಿಂಗಳಲ್ಲಿ ಹೊರಡಬೇಕು. ಅಷ್ಟು ದೊಡ್ಡ ಕಡೆ ಓದಿ ಅಭ್ಯಾಸವಿಲ್ಲ, ಇಂಗ್ಲಿಷ್ ಅಂದರೆ ಭಯ. ಅಮ್ಮನಿಗೆ ನಾನು ಒಬ್ಬಳೇ ಹೇಗಿರುತ್ತೇನೋ ಅನ್ನುವ ಚಿಂತೆ. ಈಗಿನಿಂದಲೇ ಯಾವ ಪುಸ್ತಕ ಓದಲಿ? ಲ್ಯಾಪ್‌ಟಾಪ್ ಬೇಕೇ ಬೇಕಾ?

ಉತ್ತರ:

ಮೊದಲು ಅಭಿನಂದನೆ. ನಾನು ಪಾವಗಡದ ಕಡೆಯವಳು. ಊರಲ್ಲೇ ಬಿಎ ಮಾಡಿ, ಆಮೇಲೆ ಗಂಗೋತ್ರಿಯಲ್ಲಿ ನೀವು ಸೇರುತ್ತಿರುವ ಎಂಎಯನ್ನೇ ಮಾಡಿದೆ. ಈಗ ಪದವಿ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ವರ್ಷ ವರ್ಷ ನಮ್ಮ ಮಕ್ಕಳು ಮೈಸೂರಿಗೆ ಹೊರಡುವಾಗ ಇದೇ ಪ್ರಶ್ನೆ ಕೇಳುತ್ತಾರೆ. ಪುಸ್ತಕದ ವಿಷಯ ಸ್ವಲ್ಪ ಆಮೇಲೆ ಹೇಳುತ್ತೇನೆ, ಯಾಕೆಂದರೆ ಮೊದಲ ವರ್ಷ ಎಡವುವವರಲ್ಲಿ ಹೆಚ್ಚಿನವರು ಪುಸ್ತಕ ಓದದೆ ಎಡವುವುದಿಲ್ಲ.

ಚಿಕ್ಕ ಕಾಲೇಜಿನಲ್ಲಿ ಸುದ್ದಿ ತಾನಾಗಿಯೇ ನಮ್ಮ ಹತ್ತಿರ ಬರುತ್ತದೆ. 'ಏನಮ್ಮ, ಸ್ಕಾಲರ್‌ಶಿಪ್ ಅರ್ಜಿ ಹಾಕಿದ್ಯಾ, ನಾಳೆ ಕೊನೇ ದಿನ' ಅಂತ ಗುಮಾಸ್ತರೇ ಕರೆದು ಹೇಳುತ್ತಾರೆ. ಎರಡು ದಿನ ಕಾಲೇಜಿಗೆ ಹೋಗದಿದ್ದರೆ ಮೇಷ್ಟ್ರು ಗೆಳತಿಯರ ಹತ್ತಿರ ವಿಚಾರಿಸುತ್ತಾರೆ. ದೊಡ್ಡ ವಿಶ್ವವಿದ್ಯಾಲಯದಲ್ಲಿ ಯಾರೂ ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಅದು ಅವರ ಕೆಟ್ಟತನವಲ್ಲ, ಜನ ಅಷ್ಟಿದ್ದಾರೆ. ಸುತ್ತೋಲೆಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರೆ ಅವರ ಕೆಲಸ ಮುಗಿಯಿತು. ಓದುವುದು, ಕೇಳುವುದು, ಬೆನ್ನು ಹತ್ತುವುದು ನಮ್ಮ ಕೆಲಸ. ನಾಚಿಕೆ ಪಕ್ಕಕ್ಕಿಟ್ಟು ಕೇಳುವುದನ್ನು ಈ ಒಂದು ತಿಂಗಳಲ್ಲೇ ಶುರು ಮಾಡಿ. ಸುಮ್ನೆ ಹೇಳುತ್ತಿಲ್ಲ. ಊರಿನ ಬ್ಯಾಂಕು, ನಾಡಕಚೇರಿ, ಕಾಲೇಜು, ಎಲ್ಲಾ ಕಡೆ ಅಪ್ಪನನ್ನೋ ಅಣ್ಣನನ್ನೋ ಕಳಿಸದೆ ನೀವೇ ಹೋಗಿ ಕೆಲಸ ಮಾಡಿಸಿಕೊಳ್ಳಿ.

ಹೇಗೂ ಓಡಾಡಲು ಕೆಲಸ ಬೇಕಾದಷ್ಟಿದೆ. ನೀವು ಓದಿದ ಕಾಲೇಜು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಸೇರಿದ್ದಿರಬೇಕು. ಹಾಗಿದ್ದರೆ ಅಲ್ಲಿಂದ ಮೈಗ್ರೇಷನ್ ಸರ್ಟಿಫಿಕೇಟ್ ತರಬೇಕು. ಬೇರೆ ವಿಶ್ವವಿದ್ಯಾಲಯದಿಂದ ಬರುವವರೆಲ್ಲರಿಗೂ ಇದು ಬೇಕು, ಕೈಗೆ ಬರಲು ದಿನ ಹಿಡಿಯುತ್ತದೆ. ಇವತ್ತೇ ಅರ್ಜಿ ಹಾಕಿ. ಟಿಸಿ, ಎಲ್ಲಾ ಸೆಮಿಸ್ಟರ್‌ಗಳ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಹೇಗೂ ಬೇಕು. ವಿಜಯನಗರ ಜಿಲ್ಲೆ ಕಲ್ಯಾಣ ಕರ್ನಾಟಕಕ್ಕೆ ಸೇರಿದ್ದು, ಆದ್ದರಿಂದ ಆ ಭಾಗದವರ ಮೀಸಲಾತಿಗೆ ಬೇಕಾಗುವ 371ಜೆ ಪ್ರಮಾಣಪತ್ರ ಮಾಡಿಸಿದ್ದರೆ ಅದನ್ನೂ ಜೊತೆಗಿಟ್ಟುಕೊಳ್ಳಿ. ಮಾಡಿಸಿಲ್ಲದಿದ್ದರೆ ಊರಲ್ಲಿರುವಾಗಲೇ ಮಾಡಿಸಿ, ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗ ಬೇಕಾಗುತ್ತದೆ. ಎಲ್ಲದಕ್ಕೂ ಐದಾರು ಜೆರಾಕ್ಸ್ ಇರಲಿ. ಒರಿಜಿನಲ್ ಕೈಬಿಟ್ಟು ಕೊಡುವ ಮುಂಚೆ ಫೋನಿನಲ್ಲಿ ಸ್ಕ್ಯಾನ್ ಮಾಡಿಕೊಳ್ಳಿ.

ಇನ್ನು ದುಡ್ಡಿನ ಮಾತು. ಸ್ಕಾಲರ್‌ಶಿಪ್ಪಿಗೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ (ಸ್ಟೇಟ್ ಸ್ಕಾಲರ್‌ಶಿಪ್) ಪೋರ್ಟಲ್ಲಿನಲ್ಲಿ ಅರ್ಜಿ ಹಾಕಬೇಕು. ಬಿಎ ಓದುವಾಗ ಹಾಕಿದ್ದರೆ ಅದೇ ಐಡಿ ನಡೆಯುತ್ತದೆ, ಪಾಸ್‌ವರ್ಡ್ ಹುಡುಕಿಟ್ಟುಕೊಳ್ಳಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿದರಷ್ಟೇ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ಹಣ ಯಾವ ಖಾತೆಗೆ ಬರಬೇಕು ಅನ್ನುವ ನೋಂದಣಿ) ಆಗಿದೆಯಾ ಅಂತ ಬ್ಯಾಂಕಿನಲ್ಲಿ ಕೇಳಿ. ಮಂಜೂರಾದ ಹಣ ಇದೊಂದೇ ಕಾರಣಕ್ಕೆ ನಿಂತುಹೋದ ಮಕ್ಕಳನ್ನು ನಾನು ನೋಡಿದ್ದೇನೆ. ಆಧಾರಿನಲ್ಲಿರುವ ಹೆಸರೂ ಅಂಕಪಟ್ಟಿಯ ಹೆಸರೂ ಒಂದೇ ಥರ ಇದೆಯಾ ನೋಡಿ. ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೂ ತಕರಾರು ಬರುತ್ತದೆ. ಮತ್ತೆ, ಸ್ಕಾಲರ್‌ಶಿಪ್ ಹಣ ವರ್ಷದ ಶುರುವಿಗೆ ಬರುವುದಿಲ್ಲ. ಮೊದಲ ಕೆಲವು ತಿಂಗಳ ಖರ್ಚನ್ನು ಮನೆಯಿಂದಲೇ ಹೊಂದಿಸಿಕೊಳ್ಳಬೇಕಾಗುತ್ತದೆ ಅಂತ ಅಪ್ಪನಿಗೆ ಈಗಲೇ ಹೇಳಿಬಿಡಿ. ಅಲ್ಲಿ ಹೋಗಿ ಸಾಲ ಕೇಳುವುದಕ್ಕಿಂತ ಇದು ವಾಸಿ.

ಹಾಸ್ಟೆಲ್ಲೂ ಹಾಗೇ. ಹೆಣ್ಣುಮಕ್ಕಳಿಗೆ ಕ್ಯಾಂಪಸ್ಸಿನಲ್ಲೇ ಸ್ನಾತಕೋತ್ತರ ವಿದ್ಯಾರ್ಥಿನಿಯರ ಹಾಸ್ಟೆಲ್ ಇದೆ, ನಗರದಲ್ಲಿ ಹಿಂದುಳಿದ ವರ್ಗಗಳ ಇಲಾಖೆ ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಿವೆ. ಎರಡೂ ಕಡೆ ಅರ್ಜಿ ಹಾಕಿ, ಒಂದನ್ನೇ ನಂಬಿ ಕೂರಬೇಡಿ. ಅಡ್ಮಿಷನ್ ಆದ ದಿನವೇ ಕೊಠಡಿ ಸಿಗುತ್ತದೆ ಅಂದುಕೊಳ್ಳಬೇಡಿ. ಪಟ್ಟಿ ಬರುವ ತನಕ ಉಳಿಯಲು ಒಂದು ಜಾಗ ಗೊತ್ತುಮಾಡಿಕೊಂಡೇ ಹೊರಡಿ. ಕ್ಯಾಂಪಸ್ಸಿಗೆ ಅಂಟಿಕೊಂಡೇ ಇರುವ ಪಡುವಾರಹಳ್ಳಿಯಲ್ಲಿ ವಿದ್ಯಾರ್ಥಿಗಳ ರೂಮುಗಳು, ಪೇಯಿಂಗ್ ಗೆಸ್ಟ್ ಮನೆಗಳು, ಮೆಸ್ಸುಗಳು ತುಂಬಿವೆ. ಸರಸ್ವತಿಪುರಂ, ಜಯಲಕ್ಷ್ಮೀಪುರಂ ಕೂಡ ಹತ್ತಿರ, ಬಾಡಿಗೆ ಸ್ವಲ್ಪ ಜಾಸ್ತಿ. ಫೋನಿನಲ್ಲಿ ಫೋಟೋ ನೋಡಿ ಅಡ್ವಾನ್ಸ್ ಕಳಿಸಬೇಡಿ. ರೂಮು ಕಣ್ಣಾರೆ ನೋಡಿ, ಅಲ್ಲಿರುವ ಹುಡುಗಿಯರ ಹತ್ತಿರ ನೀರು ಮತ್ತು ಊಟದ ಬಗ್ಗೆ ಕೇಳಿ ಆಮೇಲೆ ಕೊಡಿ.

ಊಟ ಅಂದಾಗ ನೆನಪಾಯಿತು. ರೊಟ್ಟಿ ಇಲ್ಲದೆ ನಿಮಗೆ ಮೊದಮೊದಲು ಕಷ್ಟವಾಗುತ್ತದೆ. ಮೆಸ್ಸುಗಳಲ್ಲಿ ಅನ್ನ, ಸಾರು, ಮುದ್ದೆಯದೇ ರಾಜ್ಯಭಾರ. ನನ್ನ ಪಕ್ಕದ ರೂಮಿನಲ್ಲಿ ಕೊಪ್ಪಳದ ಹುಡುಗಿಯೊಬ್ಬಳಿದ್ದಳು. ರಜೆ ಮುಗಿಸಿ ಬರುವಾಗಲೆಲ್ಲ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಹೊತ್ತು ತರುತ್ತಿದ್ದಳು. ಅದು ಬಂದ ವಾರ ಮೆಸ್ಸಿನ ಊಟಕ್ಕೆ ನಾವು ಯಾರೂ ಹೋಗುತ್ತಿರಲಿಲ್ಲ. ನೀವೂ ತನ್ನಿ. ಗೆಳೆತನಕ್ಕೆ ಇದರಷ್ಟು ಸುಲಭದ ದಾರಿ ನನಗಂತೂ ಕಂಡಿಲ್ಲ.

ಈಗ ಓದಿನ ವಿಷಯ. ಸೆಮಿಸ್ಟರ್‌ನ ಮೊದಲ ಅರ್ಧದ ಆಂತರಿಕ ಪರೀಕ್ಷೆಗೆ ಸಿ1 ಅಂತಾರೆ, ಎರಡನೇ ಅರ್ಧದ್ದು ಸಿ2, ಕೊನೆಯ ಪರೀಕ್ಷೆ ಸಿ3. ಹೊಸ ಊರಿಗೆ ಹೊಂದಿಕೊಳ್ಳೋಣ ಅನ್ನುವಷ್ಟರಲ್ಲಿ ಸಿ1 ಬಂದುಬಿಡುತ್ತದೆ. ಸೆಮಿನಾರು, ಅಸೈನ್‌ಮೆಂಟು ಎಲ್ಲಾ ಇದರಲ್ಲೇ. ಹಾಜರಿ ಶೇಕಡಾ 75 ಇರಲೇಬೇಕು, ಹಬ್ಬಕ್ಕೆ ಊರಿಗೆ ಹೋಗುವ ಲೆಕ್ಕ ಹಾಕುವಾಗ ಇದು ನೆನಪಿರಲಿ. ದಸರಾ ಸಮಯದಲ್ಲಿ ಗಂಗೋತ್ರಿಯ ಬಯಲು ರಂಗಮಂದಿರದಲ್ಲೇ ಯುವ ಸಂಭ್ರಮ ನಡೆಯುತ್ತದೆ, ಆ ದಿನಗಳಲ್ಲಿ ಯಾರ ತಲೆಗೂ ಓದು ಹತ್ತುವುದಿಲ್ಲ. ಅದನ್ನು ತಪ್ಪಿಸಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಅಸೈನ್‌ಮೆಂಟ್ ಮುಂಚೆಯೇ ಮುಗಿಸಿಟ್ಟು ಹೋಗಿ, ಅಷ್ಟೇ.

ಪತ್ರಿಕೆಗಳಲ್ಲಿ ಹಾರ್ಡ್ ಕೋರ್, ಸಾಫ್ಟ್ ಕೋರ್, ಓಪನ್ ಎಲೆಕ್ಟಿವ್ ಅಂತ ಮೂರು ಬಗೆ ಇವೆ. ಮೊದಲನೆಯದನ್ನು ಎಲ್ಲರೂ ಓದಲೇಬೇಕು, ಎರಡನೆಯದರಲ್ಲಿ ಸ್ವಲ್ಪ ಆಯ್ಕೆ ಇದೆ, ಮೂರನೆಯದನ್ನು ಬೇರೆ ವಿಭಾಗದಲ್ಲಿ ಹೋಗಿ ಓದಬೇಕು. ಎಲ್ಲರೂ 'ಸುಲಭ' ಅನ್ನುವ ಎಲೆಕ್ಟಿವ್‌ಗೆ ನುಗ್ಗುತ್ತಾರೆ. ಇತಿಹಾಸದವರು ಜಾನಪದವನ್ನೋ ಪುರಾತತ್ವವನ್ನೋ ತೆಗೆದುಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಸೀನಿಯರ್‌ಗಳು ಬೇರೆ ಹೇಳಬಹುದು, ಅವರ ಮಾತನ್ನೂ ಕೇಳಿ.

ಇಂಗ್ಲಿಷ್ ಭಯದ ಬಗ್ಗೆ ನೇರವಾಗಿ ಹೇಳುತ್ತೇನೆ. ನಮ್ಮ ತರಗತಿಯಲ್ಲಿ ಬಹಳಷ್ಟು ಜನ ಕನ್ನಡದಲ್ಲೇ ಪರೀಕ್ಷೆ ಬರೆದೆವು. ಅದಕ್ಕೆ ಯಾರೂ ಕಡಿಮೆ ಮಾಡಿ ನೋಡಲಿಲ್ಲ. ಬರೆಯಲು ಇಂಗ್ಲಿಷ್ ಬೇಕಿಲ್ಲ, ಓದಲು ಬೇಕು. ಲೈಬ್ರರಿಯಲ್ಲಿ ಒಳ್ಳೆಯ ಸಂಶೋಧನಾ ಲೇಖನಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತವೆ. ಅದಕ್ಕೆ ಈ ತಿಂಗಳು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಸುರಿಯಬೇಡಿ. ಎನ್‌ಸಿಇಆರ್‌ಟಿಯ 11 ಮತ್ತು 12ನೇ ತರಗತಿಯ ಇತಿಹಾಸ ಪುಸ್ತಕಗಳು ಅವರ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತವೆ, ಇಂಗ್ಲಿಷಿನವೇ ಇಳಿಸಿಕೊಳ್ಳಿ. ವಿಜಯನಗರದ ಅಧ್ಯಾಯದಿಂದಲೇ ಶುರು ಮಾಡಿ. ಹಂಪಿ ನಿಮ್ಮ ಪಕ್ಕದ್ದೇ, ಅಲ್ವಾ? ಬಿಎಯಲ್ಲೂ ಓದಿದ್ದೀರಿ, ಕಣ್ಣಲ್ಲೂ ನೋಡಿದ್ದೀರಿ. ಗೊತ್ತಿರುವ ವಿಷಯವಾದ್ದರಿಂದ ಪದ ಗೊತ್ತಿಲ್ಲದಿದ್ದರೂ ಅರ್ಥ ಹಿಡಿಯಬಹುದು. ದಿನಕ್ಕೆ ಎರಡು ಪುಟ ಓದಿ, ಪುಸ್ತಕ ಮುಚ್ಚಿ, ಓದಿದ್ದನ್ನು ಕನ್ನಡದಲ್ಲಿ ಅರ್ಧ ಪುಟ ಬರೆಯಿರಿ. ಎಂಎ ಪೂರ್ತಿ ನಾವು ಮಾಡುವ ಕೆಲಸವೇ ಇದು. ಎಂಎ ಗೈಡುಗಳನ್ನಂತೂ ಈಗಲೇ ಕೊಳ್ಳಬೇಡಿ. ಸಿಲಬಸ್ ಕೈಗೆ ಬಂದು, ಪಾಠ ಮಾಡುವವರು ಯಾವುದು ಓದಿ ಅನ್ನುತ್ತಾರೆ ಅಂತ ತಿಳಿದ ಮೇಲೂ ಮೊದಲು ಲೈಬ್ರರಿಯಲ್ಲಿ ಹುಡುಕಿ.

ಇತಿಹಾಸ ಓದುವವರಿಗೆ ಮೈಸೂರಿನಷ್ಟು ಅನುಕೂಲದ ಊರು ನಮ್ಮ ರಾಜ್ಯದಲ್ಲಿ ಇನ್ನೊಂದಿಲ್ಲ ಅಂತ ನಾನು ಹೇಳುತ್ತೇನೆ, ಧಾರವಾಡದವರು ಜಗಳಕ್ಕೆ ಬಂದರೂ ಸರಿ. ವಿಶ್ವವಿದ್ಯಾಲಯದ್ದೇ ಆದ ಓರಿಯೆಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ತಾಳೆಗರಿಗಳ ದೊಡ್ಡ ಸಂಗ್ರಹವಿದೆ. ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ್ದು ಈ ಸಂಸ್ಥೆಯಿಂದಲೇ. ಬಿ.ಎಲ್. ರೈಸ್ 1886ರಲ್ಲಿ ಶುರು ಮಾಡಿದ, ನಮ್ಮ ನಾಡಿನ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳ ಪರಿಷ್ಕೃತ ಆವೃತ್ತಿ ತಂದದ್ದು ಗಂಗೋತ್ರಿಯ ಕನ್ನಡ ಅಧ್ಯಯನ ಸಂಸ್ಥೆ. ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗದ ಕಚೇರಿಯೂ ಮೈಸೂರಿನಲ್ಲಿದೆ. ಭಾರತೀಯ ಭಾಷಾ ಸಂಸ್ಥಾನವಂತೂ ಗಂಗೋತ್ರಿಯಲ್ಲೇ ಇದೆ. ಎರಡು ವರ್ಷ ಅಲ್ಲಿದ್ದು ಇವುಗಳ ಬಾಗಿಲು ಕೂಡ ನೋಡದೆ ಡಿಗ್ರಿ ಹಿಡಿದು ಬಂದವರು ಬೇಕಾದಷ್ಟು ಜನ ಇದ್ದಾರೆ. ಯಾರೂ ಕರೆದುಕೊಂಡು ಹೋಗಿ ತೋರಿಸುವುದಿಲ್ಲ ಅಂದೆನಲ್ಲ, ಇದಕ್ಕೂ ಅದೇ ಮಾತು. ನಿಮ್ಮ ವಿಭಾಗದಿಂದ ಪತ್ರ ಬೇಕೇ ಅಂತ ಕೇಳಿಕೊಂಡು, ಗುರುತಿನ ಚೀಟಿ ಹಿಡಿದು ಹೋಗಿ.

ಜಾಗದ ಪರಿಚಯ ಸ್ವಲ್ಪ ಕೊಡುತ್ತೇನೆ. ವಿಶ್ವವಿದ್ಯಾಲಯ 1916ರದ್ದು. ಗಂಗೋತ್ರಿ ಕ್ಯಾಂಪಸ್ ಕುವೆಂಪು ಕುಲಪತಿಯಾಗಿದ್ದಾಗಿನದು, ಹೆಸರಿಟ್ಟವರೂ ಅವರೇ. 700 ಎಕರೆಗೂ ಜಾಸ್ತಿ ಇದೆ, ಒಂದು ವಿಭಾಗದಿಂದ ಇನ್ನೊಂದಕ್ಕೆ ನಡೆದೇ ಸುಸ್ತಾಗುತ್ತದೆ. ಒಳ್ಳೆಯ ಚಪ್ಪಲಿ ತನ್ನಿ. ಆದರೆ ಆಡಳಿತ ಕಚೇರಿ ಇರುವುದು ಇಲ್ಲಲ್ಲ, ಕುಕ್ಕರಹಳ್ಳಿ ಕೆರೆಯ ಆಚೆ ಕ್ರಾಫರ್ಡ್ ಹಾಲ್‌ನಲ್ಲಿ. ಇದು ಗೊತ್ತಿಲ್ಲದೆ ಹೊಸಬರು ಸರ್ಟಿಫಿಕೇಟ್ ಹಿಡಿದು ಅತ್ತಿಂದಿತ್ತ ಅಲೆಯುತ್ತಾರೆ. ಹೋಗುವ ಮುಂಚೆ 'ಈ ಕೆಲಸ ವಿಭಾಗದಲ್ಲೇ ಆಗುತ್ತದಾ, ಕ್ರಾಫರ್ಡ್ ಹಾಲ್‌ಗೆ ಹೋಗಬೇಕಾ' ಅಂತ ವಿಭಾಗದ ಕಚೇರಿಯಲ್ಲಿ ಕೇಳಿ. ಆ ಕಚೇರಿಯವರ ಪರಿಚಯ ಮೊದಲ ವಾರದಲ್ಲೇ ಮಾಡಿಕೊಳ್ಳಿ.

ಅಮ್ಮನಿಗೆ ಧೈರ್ಯ ಹೇಳಿ. ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್ ನೇರ ಮೈಸೂರಿಗೇ ಬರುತ್ತದೆ, ರಾತ್ರಿ ಹತ್ತಿದರೆ ಬೆಳಗ್ಗೆ ಇಳಿಯಬಹುದು. ಒಮ್ಮೆ ಅವರನ್ನೂ ಕರೆದುಕೊಂಡು ಬಂದು ಹಾಸ್ಟೆಲ್ ತೋರಿಸಿ. ನೋಡದ ಊರಿನ ಭಯ ನೋಡಿದ ಊರಿನ ಬಗ್ಗೆ ಇರುವುದಿಲ್ಲ. ನಗರದ ಸಾಮಾನ್ಯ ಬಸ್ಸುಗಳಲ್ಲಿ ಶಕ್ತಿ ಯೋಜನೆಯಿಂದ ನಿಮಗೆ ಟಿಕೆಟ್ ಖರ್ಚಿಲ್ಲ, ಆಧಾರ್ ಜೊತೆಗಿರಲಿ. ರ್‍ಯಾಗಿಂಗ್ ಬಗ್ಗೆ ಅವರು ಕೇಳಿದರೆ, ಯುಜಿಸಿಯ 2009ರ ನಿಯಮ ಕಟ್ಟುನಿಟ್ಟಾಗಿದೆ, ದೇಶದ ಎಲ್ಲಾ ವಿಶ್ವವಿದ್ಯಾಲಯಗಳಿಗೂ ಅನ್ವಯಿಸುತ್ತದೆ ಅಂತ ತಿಳಿಸಿ. ಸಹಾಯವಾಣಿ 1800-180-5522 ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ನಿಮ್ಮ ಕಡೆಯ ಮಾತು ಕೇಳಿ ಹಳೇ ಮೈಸೂರಿನ ಹುಡುಗಿಯರು ನಗಬಹುದು. ನಿಮಗೂ ಅವರ ಮಾತು ಕೇಳಿ ನಗು ಬರುತ್ತದೆ, ಲೆಕ್ಕ ಸರಿಹೋಗುತ್ತದೆ.

ಕೊನೆಗೆ ಲ್ಯಾಪ್‌ಟಾಪ್. ಮೊದಲ ಸೆಮಿಸ್ಟರ್‌ಗೆ ಬೇಡ. ಫೋನಿನಲ್ಲೇ ಪಿಡಿಎಫ್ ಓದಬಹುದು, ಅಸೈನ್‌ಮೆಂಟನ್ನು ಕೈಯಲ್ಲಿ ಬರೆಯಬಹುದು, ಟೈಪ್ ಬೇಕಾದಾಗ ಕ್ಯಾಂಪಸ್ ಸುತ್ತಮುತ್ತಲ ಜೆರಾಕ್ಸ್ ಅಂಗಡಿಗಳಲ್ಲಿ ಮಾಡಿಕೊಡುತ್ತಾರೆ. ಎರಡನೇ ವರ್ಷ ಪ್ರಾಜೆಕ್ಟ್ ಬರೆಯುವಾಗ ನಿಜಕ್ಕೂ ಬೇಕು ಅನ್ನಿಸಿದರೆ ಆಗ ನೋಡಿ, ಸೆಕೆಂಡ್ ಹ್ಯಾಂಡ್ ಆದರೂ ಸಾಕು. ಅಷ್ಟರೊಳಗೆ ನುಡಿ ತಂತ್ರಾಂಶದಲ್ಲೋ ಯೂನಿಕೋಡಿನಲ್ಲೋ ಕನ್ನಡ ಟೈಪಿಂಗ್ ಕಲಿತಿರಿ. ಅದಕ್ಕೆ ಊರಿನ ಕಂಪ್ಯೂಟರ್ ಸೆಂಟರ್ ಸಾಕು, ಈ ತಿಂಗಳೇ ಸೇರಬಹುದು.