1881: ಒಂದೇ ಇಸವಿ, ಎರಡು ಸಂವತ್ಸರ

ಮೈಸೂರು ಸಂಸ್ಥಾನ ಐವತ್ತು ವರ್ಷದ ಬ್ರಿಟಿಷ್ ಕಮಿಷನರ್ ಆಳ್ವಿಕೆಯಿಂದ ಮತ್ತೆ ಒಡೆಯರ ಕೈಗೆ ಬಂದ 1881ರ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಆರಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ನಮ್ಮ ಮುತ್ತಜ್ಜನ ಜಾತಕದಲ್ಲಿ ‘ವೃಷ ಸಂವತ್ಸರ, ಆಶ್ವಯುಜ ಬಹುಳ, ಶುಕ್ರವಾರ’ ಎಂದಿದೆ, ತಿಥಿ ಅಳಿಸಿಹೋಗಿದೆ. ಚಾಮರಾಜ ಒಡೆಯರಿಗೆ ಅಧಿಕಾರ ಬಂದ ವರ್ಷವೇ ಹುಟ್ಟಿದ್ದು ಎಂದು ಮನೆಯಲ್ಲಿ ಹೇಳುತ್ತಾರೆ. ಆದರೆ ಆ ಅಧಿಕಾರ ಬಂದದ್ದು ವಿಕ್ರಮ ಸಂವತ್ಸರದಲ್ಲಿ ಎಂದು ಇನ್ನೊಂದು ಕಡೆ ಓದಿದೆ. ಯಾವುದು ಸರಿ?

ಎರಡೂ ಸರಿ. ಅಧಿಕಾರ ಹಸ್ತಾಂತರವಾದದ್ದು 1881ರ ಮಾರ್ಚ್ 25, ಶುಕ್ರವಾರ. ಆ ವರ್ಷ ಯುಗಾದಿ ಬಂದದ್ದು ಮಾರ್ಚ್ ತಿಂಗಳ ಕಟ್ಟಕಡೆಗೆ. ಹಾಗಾಗಿ ಅಂದು ಇನ್ನೂ ವಿಕ್ರಮ ಸಂವತ್ಸರದ ಫಾಲ್ಗುಣ ಬಹುಳವೇ ನಡೆಯುತ್ತಿತ್ತು. ನಾಲ್ಕಾರು ದಿನ ಕಳೆದ ಮೇಲೆ ವೃಷ ಹುಟ್ಟಿತು. ನಿಮ್ಮ ಮುತ್ತಜ್ಜ ಅದೇ ಇಸವಿಯವರು, ಆದರೆ ಮುಂದಿನ ಸಂವತ್ಸರದವರು.

ಲೆಕ್ಕ ಹಾಕುವ ಕ್ರಮ ಹೀಗೆ. 1867ರ ಯುಗಾದಿಗೆ ಅರವತ್ತು ಸಂವತ್ಸರಗಳಲ್ಲಿ ಮೊದಲನೆಯದಾದ ಪ್ರಭವ ಶುರುವಾಯಿತು. ಬೇಕಾದ ಇಸವಿಯಿಂದ 1867 ಕಳೆದು ಒಂದು ಕೂಡಿಸಿದರೆ ಸಂವತ್ಸರದ ಕ್ರಮಸಂಖ್ಯೆ ಸಿಗುತ್ತದೆ. ಅರವತ್ತು ದಾಟಿದರೆ ಅರವತ್ತು ಕಳೆಯಿರಿ. 1881ಕ್ಕೆ ಹದಿನೈದು, ಅಂದರೆ ವೃಷ. ಕೆಲವು ಪಟ್ಟಿಗಳಲ್ಲಿ ಇದೇ ‘ವಿಷು’ ಎಂದಿರುತ್ತದೆ. ಶಕವರ್ಷಕ್ಕೆ ಇಸವಿಯಿಂದ 78 ಕಳೆಯುವುದು ವಾಡಿಕೆ, ಆದರೆ ಅದು ಯುಗಾದಿಯ ಆಚೆಗಿನ ದಿನಗಳಿಗೆ ಮಾತ್ರ. ಜನವರಿಯಿಂದ ಯುಗಾದಿವರೆಗಿನ ದಿನಗಳಿಗೆ 79 ಕಳೆಯಬೇಕು. ಮಾರ್ಚ್ 25ಕ್ಕೆ ಶಕ 1803 ಎಂದು ಬರೆಯುವವರು ಎಡವುವುದು ಇಲ್ಲೇ, ಅದು 1802. ಜನವರಿಯಿಂದ ಮಾರ್ಚ್‌ವರೆಗೆ ಹುಟ್ಟಿದವರ ಇಸವಿ ಮನೆಯ ದಾಖಲೆಗಳಲ್ಲಿ ಒಂದು ವರ್ಷ ಹಿಂದೆಮುಂದೆ ಆಗುವುದಕ್ಕೂ ಬಹುಪಾಲು ಇದೇ ಕಾರಣ.

ಇನ್ನು ನಿಮ್ಮ ಜಾತಕದ ದಿನ. ಅದೇ ವರ್ಷದ ಆಶ್ವಯುಜ ಬಹುಳದಲ್ಲಿ ಬಂದ ಶುಕ್ರವಾರಗಳು ಅಕ್ಟೋಬರ್ 14 ಮತ್ತು 21. ಅಳಿಸಿಹೋದ ಜಾಗದಲ್ಲಿ ‘ಷಷ್ಠಿ’, ‘ಸಪ್ತಮಿ’ಯಂಥ ಅಕ್ಷರದ ಗುರುತು ಕಂಡರೆ 14, ‘ತ್ರಯೋದಶಿ’, ‘ಚತುರ್ದಶಿ’ಯಂತಿದ್ದರೆ 21. ನಕ್ಷತ್ರ ಉಳಿದಿದ್ದರೆ ಅದೂ ಸಾಕು: ಒಂದು ವಾರದ ಅಂತರದಲ್ಲಿ ಚಂದ್ರ ಆರೇಳು ನಕ್ಷತ್ರ ದಾಟಿರುತ್ತಾನೆ, ಗೊಂದಲಕ್ಕೆ ಎಡೆಯೇ ಇಲ್ಲ.

ಮೂರು ಎಚ್ಚರಿಕೆ. ಪಂಚಾಂಗದ ವಾರ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ರಾತ್ರಿ ಹನ್ನೆರಡರ ನಂತರ ಬೆಳಗಾಗುವ ಮುಂಚೆ ಹುಟ್ಟಿದ ಮಗುವಿಗೆ ಜಾತಕದಲ್ಲಿ ಶುಕ್ರವಾರ, ಇಂಗ್ಲಿಷ್ ತಾರೀಖಿನಲ್ಲಿ ಶನಿವಾರ. ಎರಡನೆಯದು, ವೃಷ ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ: 1821, 1881, 1941, 2001. ಮುತ್ತಜ್ಜನ ಮೊದಲ ಮಗುವಿನ ಇಸವಿ ಗೊತ್ತಿದ್ದರೆ ಯಾವ ಸುತ್ತು ಎಂಬುದು ತೀರ್ಮಾನವಾಗುತ್ತದೆ. ಮೂರನೆಯದು, ನಿಮ್ಮ ಮೂಲ ತುಳುನಾಡಾದರೆ ಅಲ್ಲಿ ಸೌರಮಾನ. ಹೊಸ ವರ್ಷ ಬಿಸುವಿಗೆ, ಏಪ್ರಿಲ್ ನಡುವೆ. ಆ ಜಾತಕಗಳಲ್ಲಿ ತಿಂಗಳ ಹೆಸರೂ ದಿನದ ಎಣಿಕೆಯೂ ಬೇರೆ ಇರುತ್ತದೆ. ಚಾಂದ್ರಮಾನದ ಲೆಕ್ಕ ಅದಕ್ಕೆ ಹಚ್ಚಬೇಡಿ.

ಪ್ರಶ್ನೆ: ಬ್ರಿಟಿಷರು ರಾಜ್ಯವನ್ನು ಉದಾರವಾಗಿ ಹಿಂತಿರುಗಿಸಿದರು ಎಂದು ಶಾಲೆಯಲ್ಲಿ ಕಲಿತೆವು. ಷರತ್ತುಗಳೇನಾದರೂ ಇದ್ದವೇ?

ಬೇಕಾದಷ್ಟಿದ್ದವು, ಮತ್ತು ಆ ವರ್ಷವನ್ನು ಪಟ್ಟದ ಸಂಭ್ರಮದಿಂದ ಅಳೆಯುವುದಕ್ಕಿಂತ ಈ ಷರತ್ತುಗಳಿಂದಲೇ ಅಳೆಯಬೇಕು. ಹಸ್ತಾಂತರ ಪತ್ರದ ತಾರೀಖು ಮಾರ್ಚ್ 1. ಅದು ಇಬ್ಬರು ಸರಿಸಮಾನರ ನಡುವಿನ ಒಪ್ಪಂದವಾಗಿರಲಿಲ್ಲ, ಗವರ್ನರ್ ಜನರಲ್ ಕೊಟ್ಟ ಷರತ್ತುಬದ್ಧ ಪತ್ರವಾಗಿತ್ತು. ಅದರ ಜಾಗಕ್ಕೆ ಒಪ್ಪಂದವೊಂದು ಬಂದದ್ದು 1913ರಲ್ಲಿ. ಹೊಸ ಕೋಟೆ ಕಟ್ಟುವಂತಿಲ್ಲ, ಸ್ವಂತ ನಾಣ್ಯ ಟಂಕಿಸುವಂತಿಲ್ಲ. ಬೆಂಗಳೂರು ದಂಡು (ಕಂಟೋನ್ಮೆಂಟ್) ಬ್ರಿಟಿಷರ ಕೈಯಲ್ಲೇ ಉಳಿಯಿತು. ಅದು ಮೈಸೂರಿಗೆ ಮರಳಿದ್ದು 1947ರಲ್ಲಿ.

ಎಲ್ಲಕ್ಕಿಂತ ಭಾರವಾದದ್ದು ಪೊಗದಿ, ಅಂದರೆ ಬ್ರಿಟಿಷರಿಗೆ ವರ್ಷವರ್ಷವೂ ಕೊಡಬೇಕಿದ್ದ ಕಪ್ಪ. 1799ರ ಒಪ್ಪಂದದಲ್ಲಿ ಅದು ವರ್ಷಕ್ಕೆ ಏಳು ಲಕ್ಷ ವರಹ. ವರಹಕ್ಕೆ ಮೂರೂವರೆ ರೂಪಾಯಿಯಂತೆ 24.5 ಲಕ್ಷ ರೂಪಾಯಿ. 1881ರ ಪತ್ರ ಅದನ್ನು 35 ಲಕ್ಷಕ್ಕೆ ಏರಿಸಿತು. ಸಂಸ್ಥಾನದ ಒಟ್ಟು ಆದಾಯ ಒಂದು ಕೋಟಿಯ ಆಸುಪಾಸು ಇದ್ದಾಗ ಇದು ಮೂರನೇ ಒಂದು ಪಾಲು. ಜೊತೆಗೆ ಬರಗಾಲದಲ್ಲಿ ಭಾರತ ಸರ್ಕಾರದಿಂದ ತಂದ 80 ಲಕ್ಷ ರೂಪಾಯಿ ಸಾಲ ಹದಿನೆಂಟು ವರ್ಷದ ಚಾಮರಾಜ ಒಡೆಯರ ಮತ್ತು ದಿವಾನ್ ರಂಗಾಚಾರ್ಲು ಅವರ ತಲೆಯ ಮೇಲೆ ಬಂತು. ಆ ಸ್ಥಿತಿಯಲ್ಲಿ ಹೆಚ್ಚುವರಿ 10.5 ಲಕ್ಷವನ್ನು ವಸೂಲು ಮಾಡಲಾಗದೆ ಮೊದಲು ಐದು ವರ್ಷ, ಆಮೇಲೆ ಇನ್ನೂ ಹತ್ತು ವರ್ಷ ಮುಂದೂಡಿದರು. ಪೂರ್ತಿ 35 ಲಕ್ಷ ಕೊಡುವುದು ಶುರುವಾದದ್ದು 1896ರಿಂದ. ಕೆಲವು ಬರಹಗಳಲ್ಲಿ 24.5, ಕೆಲವುಗಳಲ್ಲಿ 35 ಎಂದು ಕಾಣುವುದು ಇದರಿಂದಲೇ: ಒಂದು ಕೊಟ್ಟ ಹಣ, ಇನ್ನೊಂದು ಪತ್ರದಲ್ಲಿ ಬರೆದ ಹಣ.

ಪ್ರಶ್ನೆ: 1881ರ ಜನಗಣತಿಯಲ್ಲಿ ನಮ್ಮ ಮನೆತನದ ಹೆಸರು ಹುಡುಕಬಹುದೇ?

ಇಲ್ಲ. ಮನೆಮನೆಯ ಪಟ್ಟಿಗಳನ್ನು ಎಣಿಕೆ ಮುಗಿದ ಮೇಲೆ ಕಾಪಾಡಿ ಇಡುತ್ತಿರಲಿಲ್ಲ. ಉಳಿದಿರುವುದು ಕೋಷ್ಟಕಗಳು ಮಾತ್ರ. ಮನೆತನದ ಗುರುತು ಬೇಕಿದ್ದರೆ ಇನಾಮು ಮತ್ತು ಕಂದಾಯದ ಕಡತಗಳನ್ನು ನೋಡಿ; ಬೆಂಗಳೂರಿನ ರಾಜ್ಯ ಪತ್ರಾಗಾರದಿಂದ ಶುರುಮಾಡಬಹುದು. ಹೋಗುವಾಗ ಊರಿನ ಹೆಸರಿನ ಜೊತೆ ಆಗಿನ ತಾಲ್ಲೂಕು, ಹೋಬಳಿ ಬರೆದುಕೊಂಡು ಹೋಗಿ. ಒಂದೇ ಹೆಸರಿನ ಹಳ್ಳಿಗಳು ಹತ್ತಾರಿವೆ.

ಆದರೆ ಆ ಕೋಷ್ಟಕಗಳನ್ನು ಹೆಸರಿಲ್ಲವೆಂದು ಪಕ್ಕಕ್ಕಿಡಬೇಡಿ. ಫೆಬ್ರವರಿ 17ರ ರಾತ್ರಿ ಮನೆಯಲ್ಲಿದ್ದವರನ್ನು ಎಣಿಸಿದಾಗ ಮೈಸೂರು ಸಂಸ್ಥಾನದಲ್ಲಿ ಸಿಕ್ಕಿದ್ದು ಸುಮಾರು 41.86 ಲಕ್ಷ ಜನ. 1871ರಲ್ಲಿ ಇದ್ದದ್ದು ಸುಮಾರು 50.55 ಲಕ್ಷ. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಜನಸಂಖ್ಯೆ ಶೇಕಡಾ 17ರಷ್ಟು ಕುಸಿದಿತ್ತು. ನಡುವೆ 1876ರಿಂದ 78ರವರೆಗೆ ಬಡಿದದ್ದು ಧಾತು ಈಶ್ವರ ಬರ. ಮೇಲಿನ ಲೆಕ್ಕ ಹಾಕಿ ನೋಡಿ, 1876 ಧಾತು, 1877 ಈಶ್ವರ. ಜನ ಬರಕ್ಕೆ ಇಟ್ಟ ಹೆಸರಿನಲ್ಲೇ ಇಸವಿ ಕೂತಿದೆ. ಸತ್ತವರು ಇಷ್ಟೇ ಎಂದು ಈ 8.69 ಲಕ್ಷವನ್ನು ಹಾಗೆಯೇ ಎತ್ತಿ ಹೇಳುವುದು ಮಾತ್ರ ತಪ್ಪು. ಅದರಲ್ಲಿ ಗುಳೆ ಹೋದವರಿದ್ದಾರೆ. ಬರದ ವರ್ಷಗಳಲ್ಲಿ ಹುಟ್ಟದೇ ಹೋದ ಮಕ್ಕಳ ನಷ್ಟವಿದೆ. ಬರದ ಮುಂಚಿನ ಐದು ವರ್ಷ ಬೆಳೆದಿದ್ದ ಸಂಖ್ಯೆ ಲೆಕ್ಕಕ್ಕೇ ಸಿಗದೆ ಕರಗಿದೆ.

ಪ್ರಶ್ನೆ: ಪ್ರಜಾಪ್ರತಿನಿಧಿ ಸಭೆ ದೇಶದ ಮೊದಲ ವಿಧಾನಸಭೆ ಎನ್ನಬಹುದೇ?

ಬೇಡ. ಅಕ್ಟೋಬರ್ 7ರಂದು, ದಸರಾ ಮುಗಿದ ಬೆನ್ನಿಗೆ, ಮೈಸೂರಿನಲ್ಲಿ ಸೇರಿದ 144 ಮಂದಿಗೆ ಕಾನೂನು ಮಾಡುವ ಅಧಿಕಾರವೂ ಇರಲಿಲ್ಲ, ಆಯವ್ಯಯಕ್ಕೆ ಮತ ಹಾಕುವ ಅಧಿಕಾರವೂ ಇರಲಿಲ್ಲ. ಚುನಾವಣೆ ಬಂದದ್ದು ದಶಕ ಕಳೆದ ಮೇಲೆ. ಅವರು ದಿವಾನರ ವರದಿ ಕೇಳುತ್ತಿದ್ದರು, ತಮ್ಮ ಕಡೆಯ ಕುಂದುಕೊರತೆ ಹೇಳುತ್ತಿದ್ದರು. ಅಷ್ಟೇ. ಆದರೂ ಅಷ್ಟೇ ಎನ್ನುವುದು ಸಣ್ಣದಲ್ಲ. ತಾಲ್ಲೂಕಿನ ರೈತನೊಬ್ಬ ದಿವಾನರ ಎದುರು ನಿಂತು ಕೆರೆ, ಕಂದಾಯದ ಮಾತಾಡುವುದು, ಸರ್ಕಾರ ವರ್ಷದ ಲೆಕ್ಕವನ್ನು ಅವನ ಮುಂದೆ ಓದುವುದು ಆ ಕಾಲದ ದೇಶೀ ಸಂಸ್ಥಾನಗಳಲ್ಲಿ ಹೊಸದು. ಬರದಲ್ಲಿ ನಲುಗಿದ ನಾಡಿನಲ್ಲಿ ರಂಗಾಚಾರ್ಲು ಮೊದಲ ವರ್ಷವೇ ಈ ಕೆಲಸಕ್ಕೆ ಕೈಹಾಕಿದರು. 1883ರ ಜನವರಿಯಲ್ಲಿ ತೀರಿಕೊಂಡರು. ಅವರನ್ನು ನೆನೆಯಲು ‘ಮೊದಲ ವಿಧಾನಸಭೆ’ ಎಂಬ ಉಬ್ಬಿಸಿದ ಬಿರುದು ಬೇಕಿಲ್ಲ.

ಪ್ರಶ್ನೆ: ರಷ್ಯಾದ ಎರಡನೇ ಅಲೆಕ್ಸಾಂಡರ್ ಚಕ್ರವರ್ತಿಯ ಕೊಲೆ ಮಾರ್ಚ್ 1ಕ್ಕೋ, 13ಕ್ಕೋ? ಸ್ಪರ್ಧಾತ್ಮಕ ಪರೀಕ್ಷೆಗೆ ಬೇಕು.

13 ಎಂದು ಬರೆಯಿರಿ. ರಷ್ಯಾದಲ್ಲಿ ಆಗ ಜೂಲಿಯನ್ ಕ್ಯಾಲೆಂಡರ್ ನಡೆಯುತ್ತಿತ್ತು. ಪೀಟರ್ಸ್‌ಬರ್ಗ್‌ನವರಿಗೆ ಅಂದು ಮಾರ್ಚ್ 1. ಹತ್ತೊಂಬತ್ತನೇ ಶತಮಾನದ ತಾರೀಖಿಗೆ 12 ದಿನ ಕೂಡಿಸಬೇಕು, ಇಪ್ಪತ್ತನೆಯದಕ್ಕೆ 13. 1917ರ ಅಕ್ಟೋಬರ್ ಕ್ರಾಂತಿಯ ತಾರೀಖಿಗೆ ಕೂಡಿಸುವ ಹದಿಮೂರನ್ನು ಇಲ್ಲಿಗೂ ಹಚ್ಚಿ ‘ಮಾರ್ಚ್ 14’ ಎಂದು ಬರೆಯುವವರಿದ್ದಾರೆ. ದೊಸ್ತೊಯೆವ್‌ಸ್ಕಿ ತೀರಿಕೊಂಡದ್ದೂ ಅದೇ ವರ್ಷ: ಅಲ್ಲಿಯ ಜನವರಿ 28, ನಮ್ಮ ಫೆಬ್ರವರಿ 9.

ಪ್ರಶ್ನೆ: ಚೆಕ್ ಬೌನ್ಸ್ ಪ್ರಕರಣದ ನೋಟಿಸಿನಲ್ಲಿ ‘1881ರ ಕಾಯ್ದೆ’ ಎಂದಿದೆ. ಅಷ್ಟು ಹಳೆಯ ಕಾನೂನು ಈಗಲೂ ನಡೆಯುತ್ತದೆಯೇ?

ನಡೆಯುತ್ತದೆ. ನೆಗೋಶಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ 1881ರಲ್ಲಿ ಆಯಿತು, ಜಾರಿಗೆ ಬಂದದ್ದು 1882ರ ಮಾರ್ಚ್ 1ರಿಂದ. ಆದರೆ ಚೆಕ್ ಮರಳಿದರೆ ಶಿಕ್ಷೆ ಎಂಬುದು ಆಗಿನ ಕಾಯ್ದೆಯಲ್ಲಿ ಇರಲಿಲ್ಲ. 138ನೇ ಕಲಮನ್ನು 1988ರ ತಿದ್ದುಪಡಿ ಸೇರಿಸಿತು, 1989ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ನೋಟಿಸು ಕೈಸೇರಿದ 15 ದಿನದೊಳಗೆ ಚೆಕ್‌ನ ಹಣ ಕೊಟ್ಟರೆ ಆ ಕಲಮಿನ ಅಪರಾಧ ಆಗುವುದಿಲ್ಲ. ಲಕೋಟೆಯ ಮೇಲಿನ ಅಂಚೆ ಮುದ್ರೆ ನೋಡಿ, ನಿಮಗೆ ತಲುಪಿದ ದಿನವನ್ನು ಇವತ್ತೇ ಬರೆದಿಟ್ಟುಕೊಳ್ಳಿ.