ಐದನೇ ತರಗತಿಗೆ ಕನ್ನಡ ಓದಿನ ಪರೀಕ್ಷೆ ಮಾಡಿದ್ದೇನೆ, ಅದು ಸರಿಯಾಗಿದೆ ಎಂದು ತಿಳಿಯುವುದು ಹೇಗೆ?

ಹೊಸನಗರದ ಕಡೆಯ ಶಾಲೆಗೆ ಹೊಸದಾಗಿ ಸೇರಿದ್ದೀರಿ, ಓದಿ ಅರ್ಥಮಾಡಿಕೊಳ್ಳುವುದನ್ನು ಅಳೆಯಲು 20 ಪ್ರಶ್ನೆಗಳ ಪತ್ರಿಕೆ ಮಾಡಿದ್ದೀರಿ. ಸರಾಸರಿ 12 ಬಂದಿದೆ, ಹಾಗಾಗಿ ಪತ್ರಿಕೆ ಚೆನ್ನಾಗಿದೆ ಎಂದು ಮುಖ್ಯ ಶಿಕ್ಷಕರು ಹೇಳಿದ್ದಾರೆ, ಅದು ನಿಜವೇ ಎಂದು ಕೇಳಿದ್ದೀರಿ. ಪತ್ರಿಕೆ ತೀರಾ ಸುಲಭವೂ ಅಲ್ಲ, ತೀರಾ ಕಷ್ಟವೂ ಅಲ್ಲ ಎನ್ನುವುದಷ್ಟೇ ಸರಾಸರಿಯಿಂದ ಗೊತ್ತಾಗುತ್ತದೆ. ಮಕ್ಕಳು ಓದಿಯೇ ಆ 12 ತೆಗೆದರೋ ಇಲ್ಲವೋ ಗೊತ್ತಾಗುವುದಿಲ್ಲ.

ನಾನು ಸಾಗರದ ಹತ್ತಿರ ಕನ್ನಡ ಕಲಿಸುತ್ತೇನೆ. ನನ್ನ ಮೊದಲ ಪತ್ರಿಕೆಯಲ್ಲಿ ಅಡಿಕೆ ಕೊಯ್ಲಿನ ಮೇಲೆ ಒಂದು ಗದ್ಯ ಬರೆದಿದ್ದೆ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಮರ ಹತ್ತುವುದು, ಸುಲಿಯುವುದು, ಬೇಯಿಸುವುದು, ಅಟ್ಟದ ಮೇಲೆ ಹರವುವುದು ಎಲ್ಲ ಅದರಲ್ಲಿತ್ತು. ಮಕ್ಕಳಿಗೆ ಪರಿಚಯದ ವಿಷಯವಾದರೆ ಹೆದರಿಕೆ ಇರುವುದಿಲ್ಲ ಎಂದುಕೊಂಡಿದ್ದೆ. ಒತ್ತಕ್ಷರ ಬಂದಲ್ಲೆಲ್ಲ ತಡವರಿಸುವ ಹುಡುಗನೊಬ್ಬ ಆ ಗದ್ಯದ ಐದಕ್ಕೆ ಐದೂ ಸರಿ ಮಾಡಿದ್ದ. ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲಿ ನೋಡಿ ಬರೆದೆ ಮಗಾ, ತೋರಿಸು ಎಂದೆ. "ಓದ್ಲಿಲ್ಲ ಸಾರ್. ಸುಲಿದ ಮೇಲೆ ಬೇಯಿಸ್ತಾರೆ ಅಂತ ಗೊತ್ತಿಲ್ವಾ, ನಮ್ಮನೇಲಿ ದಿನಾ ನೋಡ್ತೀನಿ" ಎಂದ.

ಮರುದಿನ ಗದ್ಯವನ್ನು ತೆಗೆದುಹಾಕಿ ಬರೀ ಪ್ರಶ್ನೆಗಳನ್ನು ಆರನೇ ತರಗತಿಗೆ ಕೊಟ್ಟೆ. ಹೆಚ್ಚಿನವರು ನಾಲ್ಕು ಸರಿ ಮಾಡಿದರು. ಐದನೇ ತರಗತಿಯವರು ಬರೆದ ಆ ಮೊದಲ ಪತ್ರಿಕೆಯಲ್ಲಿ, ಅಪ್ಪನಿಗೆ ವರ್ಗವಾಗಿ ಬಯಲುಸೀಮೆಯ ಚಳ್ಳಕೆರೆಯಿಂದ ಬಂದಿದ್ದ ಹುಡುಗಿ, ತರಗತಿಯಲ್ಲೇ ಚೆನ್ನಾಗಿ ಓದುವವಳು, ಎರಡು ತಪ್ಪು ಮಾಡಿದ್ದಳು. ನಾನು ಅಳೆದಿದ್ದು ಮನೆಯಲ್ಲಿ ಅಡಿಕೆ ತೋಟ ಇದೆಯೋ ಇಲ್ಲವೋ ಎಂಬುದನ್ನು! ಆ ಅಂಕಗಳನ್ನು ನಂಬಿ ಇಬ್ಬರ ಬಗ್ಗೆಯೂ ತಪ್ಪು ತೀರ್ಮಾನ ಮಾಡುವವನಿದ್ದೆ ಎಂಬುದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಅದಕ್ಕೇ ಮೊದಲು ಗದ್ಯ ಮುಚ್ಚಿಟ್ಟು ಪ್ರಶ್ನೆ ಕೇಳಿ ನೋಡಿ. ನಾಲ್ಕು ಆಯ್ಕೆಗಳಿದ್ದರೆ ಊಹೆಯಿಂದಲೇ 20ಕ್ಕೆ 5ರಷ್ಟು ಬರಬಹುದು. ಅದಕ್ಕಿಂತ ಬಹಳ ಹೆಚ್ಚು ಬಂದರೆ ಪ್ರಶ್ನೆಗಳಿಗೆ ಗದ್ಯದ ಅಗತ್ಯವೇ ಇಲ್ಲ ಎಂದರ್ಥ. ಹಾಗೆಂದು ಮಲೆನಾಡಿನ ವಿಷಯವನ್ನೇ ಬಿಡಬೇಕಿಲ್ಲ. ಊರು ಪರಿಚಯದ್ದಿರಲಿ, ನಡೆದ ಸಂಗತಿ ಹೊಸದಿರಲಿ. ಮಳೆ ಬಿಡದ ಒಂದು ವರ್ಷ ಅಜ್ಜಿಯೊಬ್ಬಳು ಅಡಿಕೆ ಒಣಗಿಸಲು ಏನು ಉಪಾಯ ಮಾಡಿದಳು ಎಂಬ ಕಥೆಯಾದರೆ, ಉತ್ತರಕ್ಕೆ ಓದಲೇಬೇಕು.

ಗಟ್ಟಿಯಾಗಿ ಓದಿಸಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಹಳ್ಳಿ ಮಕ್ಕಳ ಓದು, ಲೆಕ್ಕ ನೋಡಲು 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯಲ್ಲಿ ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ ಹೀಗೆ ಓದಿಸುತ್ತಾರೆ. ಆ ಉದ್ದೇಶಕ್ಕೆ ಅದು ಸರಿ. ಆದರೆ ಕನ್ನಡದಲ್ಲಿ ಬರೆದಂತೆಯೇ ಓದುವುದರಿಂದ, ಕಾಗುಣಿತ, ಒತ್ತಕ್ಷರ ಕೈವಶವಾದ ಮಗು ಒಂದಕ್ಷರ ಅರ್ಥವಾಗದಿದ್ದರೂ ಇಡೀ ಪುಟವನ್ನು ಸರಾಗವಾಗಿ ಓದಿಬಿಡುತ್ತದೆ. ನೀವು ಅರ್ಥವನ್ನು ಅಳೆಯಹೊರಟಿದ್ದೀರಿ.

ಈಗ ಲೆಕ್ಕದ ಭಾಗ. ನಿಮ್ಮಲ್ಲಿ 40 ಮಕ್ಕಳಿದ್ದರೆ ಉತ್ತರಪತ್ರಿಕೆಗಳನ್ನು ಒಟ್ಟು ಅಂಕದ ಪ್ರಕಾರ ಜೋಡಿಸಿ, ಮೇಲಿನ 27 ಶೇಕಡಾ, ಕೆಳಗಿನ 27 ಶೇಕಡಾ, ಎಂದರೆ ತಲಾ 11 ಪತ್ರಿಕೆ ತೆಗೆಯಿರಿ. ಒಂದೊಂದೇ ಪ್ರಶ್ನೆಗೆ ಎರಡೂ ಗುಂಪಿನಲ್ಲಿ ಎಷ್ಟು ಜನ ಸರಿ ಬರೆದಿದ್ದಾರೆ ಎಣಿಸಿ. ಒಳ್ಳೆಯ ಪ್ರಶ್ನೆಯಾದರೆ ಮೇಲಿನವರದ್ದು ಸಾಕಷ್ಟು ಹೆಚ್ಚಿರಬೇಕು. ನನಗೊಮ್ಮೆ ಉಲ್ಟಾ ಬಂತು. ಗದ್ಯದಲ್ಲಿ "ಸೊಪ್ಪು ತರಲು ಬೆಟ್ಟಕ್ಕೆ ಹೋದರು" ಎಂದಿತ್ತು. ಬೆಟ್ಟ ಎಂದರೇನು ಎಂದು ಕೇಳಿ, ಸರಿಯುತ್ತರ "ಗುಡ್ಡ" ಎಂದು ಇಟ್ಟಿದ್ದೆ. ಚೆನ್ನಾಗಿ ಓದುವವರು "ಕಾಡು" ಆರಿಸಿದ್ದರು. ನಮ್ಮಲ್ಲಿ ತೋಟಕ್ಕೆ ಸೊಪ್ಪು ತರುವ ಕಾಡೇ ಬೆಟ್ಟ. ಅವರು ಸಂದರ್ಭ ನೋಡಿ ಅರ್ಥ ಹಿಡಿದಿದ್ದರು, ಓದದವರು ಬಾಯಿಪಾಠದ ಸಮಾನಾರ್ಥಕ ಪದ ಬರೆದಿದ್ದರು. ತಪ್ಪಿದ್ದದ್ದು ನನ್ನ ಉತ್ತರಸೂಚಿಯಲ್ಲಿ. ಎಣಿಸದಿದ್ದರೆ ಅದು ಕಣ್ಣಿಗೇ ಬೀಳುತ್ತಿರಲಿಲ್ಲ.

ಬಿಟ್ಟ ಸ್ಥಳ ತುಂಬುವ ಗದ್ಯವನ್ನೂ ಸೇರಿಸಿದ್ದೀರಲ್ಲ, ಅಲ್ಲಿ ಎಚ್ಚರ. ಇಂತಿಷ್ಟು ಪದಕ್ಕೊಂದು ಎಂದು ಲೆಕ್ಕವಿಟ್ಟು ಪದ ಅಳಿಸುವ ಈ ಕ್ಲೋಜ್ ಪದ್ಧತಿಯನ್ನು ವಿಲ್ಸನ್ ಟೇಲರ್ 1953ರಲ್ಲಿ ಇಂಗ್ಲಿಷಿನಲ್ಲಿ ಶುರುಮಾಡಿದರು. ಇಂಗ್ಲಿಷಿನಲ್ಲಿ ಅಳಿಸಿದ ಪದ ಎಷ್ಟೋ ಸಲ ಬರೀ "ದಿ", "ಆಫ್" ಆಗಿರುತ್ತದೆ. ಕನ್ನಡದ "ತೋಟದಿಂದಲೇ", "ಹೋಗಿದ್ದರಂತೆ" ಅಳಿಸಿದರೆ ವಿಭಕ್ತಿ, ಕಾಲ, ಮಾತಿನ ಧಾಟಿ ಎಲ್ಲ ಒಟ್ಟಿಗೇ ಹೋಗುತ್ತವೆ. ನಾನು ಮೊದಲ ವಾಕ್ಯವನ್ನು ಮುಟ್ಟುವುದಿಲ್ಲ, ಆಮೇಲೆ ಸುಮಾರು ಹತ್ತು ಪದಕ್ಕೊಂದು ಅಳಿಸುತ್ತೇನೆ. "ಊರಿಗೆ" ಇದ್ದಲ್ಲಿ "ಮನೆಗೆ" ಎಂದು ಬರೆದು ಅರ್ಥ ಕೂಡಿಬಂದರೆ ಪೂರ್ತಿ ಅಂಕ. ವಿಭಕ್ತಿ ತಪ್ಪಿ "ಮನೆಯಲ್ಲಿ" ಎಂದು ಬರೆದರೆ ಅರ್ಧ. ಇದನ್ನು ತಿದ್ದಲು ಕೂರುವ ಮೊದಲೇ ಬರೆದಿಟ್ಟುಕೊಳ್ಳಿ, ಮತ್ತೊಬ್ಬ ಶಿಕ್ಷಕರಿಗೆ ನೀವು ತಿದ್ದಿದ ಹತ್ತು ಪತ್ರಿಕೆಗಳನ್ನು ನಿಮ್ಮ ಅಂಕ ಕಾಣದಂತೆ ಕೊಡಿ. ಇಬ್ಬರ ಅಂಕ ತಾಳೆಯಾಗದಿದ್ದರೆ ತಿದ್ದುವ ಸೂಚನೆಯೇ ಅಸ್ಪಷ್ಟ.

ಎಲ್ಲಕ್ಕಿಂತ ಮುಖ್ಯ, ಈ ಅಂಕ ಇಟ್ಟುಕೊಂಡು ಏನು ಮಾಡುತ್ತೀರಿ? ಸಿಂಧುತ್ವ (ಇಂಗ್ಲಿಷಿನ ವ್ಯಾಲಿಡಿಟಿ) ಎನ್ನುವುದು ಪತ್ರಿಕೆಗೆ ಅಂಟಿಕೊಂಡ ಗುಣವಲ್ಲ, ಅಂಕಕ್ಕೆ ನಾವು ಕೊಡುವ ಅರ್ಥ ಮತ್ತು ಮಾಡುವ ಬಳಕೆ ಸರಿಯೇ ಎಂಬ ಪ್ರಶ್ನೆ ಎಂದು ಅಮೆರಿಕದ ಪರೀಕ್ಷಾತಜ್ಞ ಸ್ಯಾಮ್ಯುಯೆಲ್ ಮೆಸ್ಸಿಕ್ 1989ರಲ್ಲಿ ವಿಸ್ತಾರವಾಗಿ ಬರೆದರು. ಯಾರಿಗೆ ಸಂಜೆ ಹೆಚ್ಚು ಹೊತ್ತು ಓದಿಸಬೇಕು ಎಂದು ತಿಳಿಯಲು ನಿಮ್ಮ ಪತ್ರಿಕೆ ಸಾಕಾಗಬಹುದು. ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಗುವನ್ನು "ದಡ್ಡ" ಎನ್ನಲು ಖಂಡಿತ ಸಾಲದು. ಮಾತಿನ ಪರೀಕ್ಷೆ ಇಟ್ಟಾಗಲೂ ಹೀಗೇ. "ಏನು" ಎನ್ನದೆ "ಎಂತ" ಎಂದಿದ್ದಕ್ಕೆ, ಹವ್ಯಕರ ಮನೆಯ ಮಗು "ಬರುವುದು" ಎನ್ನದೆ "ಬಪ್ಪದು" ಎಂದಿದ್ದಕ್ಕೆ ಅಂಕ ಕಳೆಯಬೇಡಿ. ಗ್ರಾಂಥಿಕ ರೂಪ ಬರುತ್ತದೆಯೇ ಎಂದು ತಿಳಿಯಬೇಕಿದ್ದರೆ ಅದಕ್ಕೆಂದೇ ಬೇರೆ ಪ್ರಶ್ನೆ ಇಡಿ, ಮಗುವಿಗೆ ಮೊದಲೇ ಹೇಳಿ.

ಕೇಳಿಸಿಕೊಂಡು ಬರೆಯುವ ಭಾಗವನ್ನು ಮಾತ್ರ ಆಷಾಢದಲ್ಲಿ ಇಡಬೇಡಿ. ನಮ್ಮ ಶಾಲೆಯಲ್ಲಿ ಒಮ್ಮೆ ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಹಿಂದಿನ ಸಾಲಿನವರಿಗೆ ಒಂದು ವಾಕ್ಯವೂ ಕೇಳಿರಲಿಲ್ಲ. ಕೆಳಗಿನ ಗುಂಪಿನ 11 ಮಕ್ಕಳಲ್ಲಿ ಎಂಟು ಜನ ಆ ಸಾಲಿನವರೇ ಇದ್ದರು. ಮಳೆ ನಿಂತ ದಿನ ಮುಂದೆ ಕೂರಿಸಿ ಇನ್ನೊಮ್ಮೆ ಬರೆಸಿದೆ.