ದೊಡ್ಡಪ್ಪನ ನೆನಪಿನೊಳಗೆ ಸಿನಿಮಾ ಓಡಿಸಬೇಡಿ

ಚಿಂತಾಮಣಿಯ ಕತೆಗಾರ್ತಿಗೆ ನಮಸ್ಕಾರ.

ಕಾರ್ಗಿಲ್‌ನಲ್ಲಿ ಹೋರಾಡಿ ಬಂದ ನಿಮ್ಮ ದೊಡ್ಡಪ್ಪನ ಕತೆ ಓದಿದೆ. ಭಾಷೆ ಹದವಾಗಿದೆ. ಟಿವಿಯಲ್ಲಿ ಯುದ್ಧದ ಸಿನಿಮಾ ‘ಬಾರ್ಡರ್’ ಶುರುವಾದ ಕೂಡಲೇ ಅವರು ತಂಬಿಗೆ ಹಿಡಿದು ಹಾಲು ಕರೆಯಲು ಎದ್ದುಹೋಗುವ ಸಾಲು ಎರಡು ದಿನ ನನ್ನನ್ನು ಬಿಡಲಿಲ್ಲ. ಮುಂದಿನ ಪುಟಗಳ ಮೇಲೆ ಸಿಟ್ಟು ಬಂದದ್ದೂ ಅದಕ್ಕೇ. ಸಿನಿಮಾ ನೋಡಲಾರದೆ ಎದ್ದುಹೋದ ಮನುಷ್ಯನ ನೆನಪಿನೊಳಗೆ ನೀವು ಅದೇ ಸಿನಿಮಾ ಓಡಿಸಿದ್ದೀರಿ.

ನಿಮ್ಮದೇ ಸಾಲುಗಳನ್ನು ನೋಡಿ. ‘ಜಮ್ಮುವಿನಲ್ಲಿ ರೈಲಿಳಿದ ಮರುದಿನವೇ ಹದಿನಾರು ಸಾವಿರ ಅಡಿಯ ಶಿಖರವನ್ನು ಓಡುತ್ತಾ ಏರಿದರು.’ ಆಗ ಜಮ್ಮುವಿನಿಂದ ಶ್ರೀನಗರ, ಜೋಜಿಲಾ ಕಣಿವೆ ದಾಟಿ ಕಾರ್ಗಿಲ್ ಬಳಿಯ ದ್ರಾಸ್ ತಲುಪಬೇಕಿತ್ತು, ಅದೂ ಲಾರಿಯಲ್ಲಿ. ಆಮೇಲೆ ದೇಹ ಎತ್ತರಕ್ಕೆ ಒಗ್ಗಬೇಕು. ಸೇನೆಯ ಲೆಕ್ಕದಲ್ಲಿ 9,000ದಿಂದ 12,000 ಅಡಿಯವರೆಗೆ ಆರು ದಿನ, 15,000ದವರೆಗೆ ನಾಲ್ಕು ದಿನ, ಅದಕ್ಕೂ ಮೇಲೆ ಇನ್ನು ನಾಲ್ಕು. ತುರ್ತಿನಲ್ಲಿ ಇದನ್ನು ಮೊಟಕು ಮಾಡಿದರೆ ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬಿದರೆ ಗುಂಡು ತಗಲದೆಯೂ ಪ್ರಾಣ ಹೋಗಬಹುದು. ನಮ್ಮ ನಂದಿಬೆಟ್ಟ 1,478 ಮೀಟರ್. ಕಾರ್ಗಿಲ್ ಯುದ್ಧ ನಡೆದ ಶಿಖರಗಳಲ್ಲೊಂದಾದ ಟೈಗರ್ ಹಿಲ್ 5,000 ಮೀಟರಿಗೂ ಹೆಚ್ಚು, ಅಂದರೆ 16,000 ಅಡಿಗೂ ಮೇಲೆ. ಅಲ್ಲಿ ಯಾರೂ ಓಡುವುದಿಲ್ಲ. ಕತ್ತಲಲ್ಲಿ ಹತ್ತು ಹೆಜ್ಜೆ ಇಟ್ಟು, ಬಂಡೆಗೆ ಆತು ನಿಂತು ಉಸಿರೆಳೆದುಕೊಳ್ಳುವವರನ್ನು ಬರೆಯಿರಿ.

‘ಹಲ್ಲಿನಿಂದ ಪಿನ್ ಕಿತ್ತು ಗ್ರೆನೇಡ್ ಎಸೆದರು, ಬೆಂಕಿಯ ಉಂಡೆ ಮುಗಿಲಿಗೆದ್ದಿತು.’ ತಾನಾಗಿ ಜಾರಬಾರದೆಂದು ಪಿನ್ನಿನ ತುದಿಗಳನ್ನು ಅಗಲಿಸಿ ಬಗ್ಗಿಸಿರುತ್ತಾರೆ. ಹಲ್ಲು ಹಾಕಿದರೆ ಹಲ್ಲೇ ಕಿತ್ತುಬರುತ್ತದೆ! ರಿಂಗಿಗೆ ಬೆರಳು ತೂರಿಸಿ ತಿರುಚಿ ಎಳೆಯಬೇಕು. ಗ್ರೆನೇಡಿನ ಪಕ್ಕಕ್ಕಿರುವ ಲಿವರ್ ಪಟ್ಟಿಯನ್ನು ಅಂಗೈಯಲ್ಲಿ ಒತ್ತಿಹಿಡಿದಿರುವ ತನಕ ಏನೂ ಆಗದು. ಕೈಬಿಟ್ಟ ಮೇಲೆ ಲಿವರ್ ಹಾರಿ, ನಾಲ್ಕು ಸೆಕೆಂಡಿನ ಆಸುಪಾಸಿನಲ್ಲಿ ಸಿಡಿಯುತ್ತದೆ. ಬೆಂಕಿಯ ಉಂಡೆ ಸಿನಿಮಾದವರು ಪೆಟ್ರೋಲ್ ಸುಟ್ಟು ಮಾಡುವಂಥದ್ದು. ಗ್ರೆನೇಡಿನಲ್ಲಿ ಕಾಣುವುದು ಹೊಗೆ, ಧೂಳು; ಕೊಲ್ಲುವುದು ಕಬ್ಬಿಣದ ಚೂರು. ಚಳಿಗೆ ಮರಗಟ್ಟಿದ ಬೆರಳು ಆ ರಿಂಗಿನೊಳಗೆ ಹೋಗುತ್ತದೆಯೇ? ನಿಮ್ಮ ದೃಶ್ಯ ಇರುವುದು ಅಲ್ಲಿ.

‘ಐದು ನಿಮಿಷ ಬಿಡುವಿಲ್ಲದೆ ಗುಂಡಿನ ಮಳೆಗರೆದರು.’ ಅವರ ಕೈಗೆ ನೀವೇ ಕೊಟ್ಟ ಇನ್ಸಾಸ್ ರೈಫಲ್ಲಿನ ಮ್ಯಾಗಜಿನ್‌ನಲ್ಲಿ, ಅಂದರೆ ಗುಂಡು ತುಂಬುವ ಡಬ್ಬಿಯಲ್ಲಿ, ಇರುವುದು 20 ಗುಂಡು. ಒಂದೊಂದಾಗಿ ಹಾರುತ್ತದೆ, ಇಲ್ಲವೇ ಮೂರು ಮೂರಾಗಿ. ಹೊತ್ತು ತಂದದ್ದು ಮುಗಿದರೆ ಮತ್ತೆ ಕೆಳಗಿನಿಂದಲೇ ಬರಬೇಕು, ಹಾಗಾಗಿ ಎಣಿಸಿ ಹಾರಿಸುತ್ತಾರೆ.

‘ಬಾರ್ಡರ್’ ನನಗೂ ಮೆಚ್ಚಿನ ಚಿತ್ರವೇ. ಆದರೆ ಅದು ತೋರಿಸುವ ಕಾಳಗದಲ್ಲಿ, 1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಗಡಿಠಾಣೆ ಲೊಂಗೆವಾಲಾದಲ್ಲಿ, ನಮ್ಮ ಸುಮಾರು 120 ಮಂದಿ ಪಾಕಿಸ್ತಾನದ ಟ್ಯಾಂಕುಗಳೆದುರು ಬೆಳಗಾಗುವುದನ್ನೇ ಕಾದಿದ್ದರು. ನೆರವಿಗೆ ಬರಬೇಕಿದ್ದ ಜೈಸಲ್ಮೇರಿನ ಹಂಟರ್ ಯುದ್ಧವಿಮಾನಗಳಿಗೆ ಕತ್ತಲಲ್ಲಿ ದಾಳಿ ಮಾಡುವ ಸೌಲಭ್ಯ ಇರಲಿಲ್ಲ. ಸಿನಿಮಾದಲ್ಲಿ ಒಬ್ಬರ ಹಿಂದೊಬ್ಬರು ಸಾಯುತ್ತಾರೆ. ಆ ಠಾಣೆಯಲ್ಲಿ ನಿಜಕ್ಕೂ ತೀರಿಕೊಂಡವರು ಇಬ್ಬರು. ನಿಮ್ಮ ಕೊನೆಯ ಪುಟದಲ್ಲೂ ಆರು ಜನ ಭಾಷಣ ಮಾಡಿ ಸಾಯುತ್ತಾರೆ. ಆ ಪುಟ ಪೂರ್ತಿ ತೆಗೆಯಿರಿ.

ನಾನು ಪತ್ರಿಕೆಯ ಕೆಲಸ ಕಲಿಯುವಾಗ, ಮಾಜಿ ಸೈನಿಕರ ಬಳಿ ‘ಯುದ್ಧ ಹೇಗಿತ್ತು’ ಎಂದು ಕೇಳಲೇಬೇಡ ಎಂದು ಹಿರಿಯರು ಹೇಳಿಕೊಟ್ಟಿದ್ದರು. ಹಾಗೆ ಕೇಳಿದರೆ ಅವರೂ ಸಿನಿಮಾವನ್ನೇ ಹೇಳಿಬಿಡುತ್ತಾರೆ. ಬೆನ್ನ ಮೇಲೆ ಏನೇನಿತ್ತು, ಕುಡಿಯುವ ನೀರು ಎಲ್ಲಿಂದ ಬರುತ್ತಿತ್ತು, ಒದ್ದೆ ಕಾಲುಚೀಲ ಎಲ್ಲಿ ಒಣಗಿಸುತ್ತಿದ್ದಿರಿ, ಊರಿನ ಕಾಗದ ಎಷ್ಟು ದಿನಕ್ಕೆ ಕೈಸೇರುತ್ತಿತ್ತು, ಪಕ್ಕದಲ್ಲಿ ಮಲಗುತ್ತಿದ್ದವರು ಯಾವ ಊರಿನವರು ಎಂದು ಕೇಳಬೇಕು. ಉತ್ತರ ಬರುವ ತನಕ ಸುಮ್ಮನಿರಬೇಕು.

ದೊಡ್ಡಪ್ಪ ಹಾಲು ಕರೆದು ಒಳಗೆ ಬಂದಾಗ ಟಿವಿ ಆರಿಸಿ ಇಷ್ಟನ್ನು ಕೇಳಿ. ಸೇನೆಯ ಅಡುಗೆಮನೆಗೆ ಅವರು ಲಂಗರ್ ಅಂದರೆ ಲಂಗರ್ ಎಂದೇ ಬರೆದುಕೊಳ್ಳಿ, ‘ಪಾಕಶಾಲೆ’ ಮಾಡಬೇಡಿ. ತಿದ್ದಿ ಮತ್ತೆ ಕಳಿಸಿ. ತಂಬಿಗೆಯ ಸಾಲು ಮಾತ್ರ ಇದ್ದ ಹಾಗೇ ಇರಲಿ.